ಸೈಕಲ್ ಚೈನ್‌ಗೆ ಮೇಣ ಕರಗಿಸಲು ಯಾವ ಪಾತ್ರೆ ಒಳ್ಳೆಯದು?

ತುರಹಳ್ಳಿ ಧೂಳು:
ಎಲ್ಲರಿಗೂ ನಮಸ್ಕಾರ. ಚೈನ್‌ಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿ ಬಿಸಿ ಮೇಣಕ್ಕೆ ಹೋಗೋಣ ಅಂತ ಮನಸ್ಸು ಮಾಡಿದ್ದೇನೆ. ತುರಹಳ್ಳಿ ಕಾಡಿನ ಕೆಂಪು ಧೂಳು ಎಣ್ಣೆಗೆ ಅಂಟಿ ಕಪ್ಪು ಪೇಸ್ಟ್ ಆಗುತ್ತದೆ, ಅದು ಒಳಗೆ ಸೇರಿ ಪಿನ್ನು, ರೋಲರ್ ಎಲ್ಲವನ್ನೂ ಉಜ್ಜಿ ಸವೆಸುತ್ತದೆ, ಅದು ಇಲ್ಲಿರುವವರಿಗೆ ಗೊತ್ತಿರುವುದೇ. ಪ್ಯಾರಾಫಿನ್ ಮೇಣ ತಂದಿಟ್ಟಿದ್ದೇನೆ, 58–60 ಡಿಗ್ರಿಯಲ್ಲಿ ಕರಗುವ ದರ್ಜೆ. ಪಾತ್ರೆ ಯಾವುದು ಅನ್ನುವುದೇ ಈಗ ಪ್ರಶ್ನೆ. ಮನೆಯಲ್ಲಿ ಒಂದು ಹಳೆ ಅಲ್ಯೂಮಿನಿಯಂ ಡಬರಿ ಇದೆ, ತೆಳು ಸ್ಟೀಲ್ ಪಾತ್ರೆ ಇದೆ, ಹಿಡಿ ಸಡಿಲವಾಗಿರುವ ನಾನ್‌ಸ್ಟಿಕ್ ಬಾಣಲೆ ಇದೆ. ಹೊರದೇಶದವರ ವಿಡಿಯೋಗಳಲ್ಲಿ ಎಲ್ಲರೂ ಸ್ಲೋ ಕುಕ್ಕರ್ ಇಟ್ಟುಕೊಂಡಿರುತ್ತಾರೆ, ನಮ್ಮ ಕಡೆ ಅದು ಯಾರ ಮನೆಯಲ್ಲೂ ಕಾಣುವುದಿಲ್ಲ. ಗ್ಯಾಸ್ ಇದೆ, ಇಂಡಕ್ಷನ್ ಇದೆ. ಬಾಡಿಗೆ ಮನೆ, ಅಡುಗೆಮನೆ ತುಂಬಾ ಚಿಕ್ಕದು, ಓಡಾಡುವ ಮಗು ಬೇರೆ ಇದೆ. ಅದಕ್ಕೇ ಮೊದಲು ಕೇಳಿ ಆಮೇಲೆ ಶುರು ಮಾಡೋಣ ಅಂತ.

ಕನಕಪುರ ರೋಡ್:
ಅಲ್ಯೂಮಿನಿಯಂ ಡಬರಿ ಸಾಕು ಗುರು. ಸಣ್ಣ ಉರಿ, ಪಕ್ಕದಲ್ಲೇ ನಿಂತಿರಬೇಕು, ಕರಗಿದ ಮೇಲೆ ಆಫ್ ಮಾಡಿ ಚೈನ್ ಬಿಡಬೇಕು. ನಾನು ಬಹಳ ದಿನದಿಂದ ಹೀಗೇ ಮಾಡುತ್ತಿದ್ದೇನೆ, ಏನೂ ಆಗಿಲ್ಲ. ಸುಮ್ನೆ ದೊಡ್ಡದು ಮಾಡಬೇಡಿ.

ರಾಜಾಜಿನಗರ ಫಿಟ್ಟರ್:
ಮೇಲಿನ ಮಾತನ್ನು ನಾನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ಹಾಲಾದರೆ ಉಕ್ಕಿ ಎಚ್ಚರಿಸುತ್ತದೆ. ನೀರಾದರೆ ಕುದಿಯುವ ಹಂತಕ್ಕೆ ಬಂದು ಅಲ್ಲೇ ನಿಲ್ಲುತ್ತದೆ, ಎಷ್ಟು ಉರಿ ಕೊಟ್ಟರೂ ಬಿಸಿ ಅದಕ್ಕಿಂತ ಏರುವುದಿಲ್ಲ. ಮೇಣ ಹಾಗಲ್ಲ. 60ಕ್ಕೆ ಕರಗಿದ್ದು 100 ದಾಟುತ್ತದೆ, 150 ದಾಟುತ್ತದೆ, ಮೇಲೆ ನೋಡಿದರೆ ಅದೇ ತಿಳಿ ನೀರಿನಂತೆ ತಣ್ಣಗೆ ಕೂತಿರುತ್ತದೆ. ಸುಮಾರು 200 ಡಿಗ್ರಿ ಹತ್ತಿರ ಬಂದರೆ ಅದರಿಂದ ಏಳುವ ಆವಿ ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಸ್ಟವ್ ಮೇಲೆ ಕಿಡಿಗೆ ಹುಡುಕಬೇಕಾಗಿಲ್ಲ, ಜ್ವಾಲೆ ಪಾತ್ರೆಯ ಬುಡದಲ್ಲೇ ಇದೆ. ಹೊಗೆ ಕಾಣಿಸುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ. ಪಕ್ಕದಲ್ಲೇ ನಿಂತಿರುತ್ತೇನೆ ಅನ್ನುವುದು ಬಾಗಿಲು ಬೆಲ್ ಆಗುವ ತನಕ ಮಾತ್ರ.

ಆದ್ದರಿಂದ ಪಾತ್ರೆ ಯಾವ ಲೋಹದ್ದು ಅನ್ನುವುದು ಆಮೇಲಿನ ಮಾತು. ಮೊದಲು ಕೇಳಬೇಕಾದ್ದು: ನಾನು ಮರೆತು ಹೋದರೆ ಈ ಪಾತ್ರೆಯಲ್ಲಿ ಮೇಣ ಎಷ್ಟು ಬಿಸಿಯಾಗಬಹುದು? ಆ ಬಿಸಿಗೆ ಮೇಲೆ ಒಂದು ಗೆರೆ ಇರುವಂಥ ಪಾತ್ರೆ ಬೇಕು. ಚೈನ್‌ಗೆ 80–90 ಡಿಗ್ರಿ ಇದ್ದರೆ ಧಾರಾಳವಾಯಿತು, ಅದಕ್ಕಿಂತ ಜಾಸ್ತಿ ಏನೂ ಬೇಕಾಗಿಲ್ಲ.

ಎಂಟನೇ ಕ್ರಾಸ್:
ಹಾಗಾದರೆ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ, ಅಷ್ಟೇ ಅಲ್ವಾ? ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಒಳಗಿನ ಮೇಣ ಅದಕ್ಕಿಂತ ಮೇಲೆ ಹೋಗುವ ಹಾಗೇ ಇಲ್ಲ. ನಾನು ಪ್ರೆಶರ್ ಕುಕ್ಕರಿನ ಜೊತೆ ಬರುವ ಸ್ಟೀಲ್ ಡಬ್ಬಿಯನ್ನು ಡಬರಿ ನೀರಿನಲ್ಲಿ ಇಟ್ಟು ಕರಗಿಸುತ್ತೇನೆ. ಡಬ್ಬಿ ತಳಕ್ಕೆ ತಾಗದಂತೆ ಕೆಳಗೆ ಕುಕ್ಕರಿನದೇ ತೂತಿನ ತಟ್ಟೆ ಇಟ್ಟಿರುತ್ತೇನೆ.

ಒಂದೇ ಎಚ್ಚರಿಕೆ. ಅದೇ ಡಬ್ಬಿ ಅಂತ ಕುಕ್ಕರ್ ಮುಚ್ಚಳ ಹಾಕಿ ವಿಶಲ್ ಕೂಗಿಸಲು ಹೋಗಬೇಡಿ. ಒತ್ತಡದಲ್ಲಿ ನೀರು 120ರ ತನಕ ಬಿಸಿಯಾಗುತ್ತದೆ, ಮೇಣ ಚಿಮ್ಮಿ ವೆಯ್ಟ್ ಕೂರುವ ನಳಿಗೆಯಲ್ಲಿ ಸೇರಿಕೊಂಡು ಗಟ್ಟಿಯಾದರೆ ಆ ಕುಕ್ಕರನ್ನು ಮತ್ತೆ ಒಲೆ ಮೇಲೆ ಇಡುವ ಹಾಗಿಲ್ಲ.

ತುರಹಳ್ಳಿ ಧೂಳು:
97 ಡಿಗ್ರಿ ಲೆಕ್ಕ ಚೆನ್ನಾಗಿದೆ ಸರ್, ಅದು ನನಗೆ ಹೊಳೆದಿರಲಿಲ್ಲ. ಆದರೆ ಕುದಿಯುವ ನೀರಿನಲ್ಲಿ ಡಬ್ಬಿ ತೇಲಿ ವಾಲುವುದಿಲ್ಲವೇ? ನೀರು ಹಾರಿ ಮೇಣಕ್ಕೆ ಬಿದ್ದರೆ?

ಎಂಟನೇ ಕ್ರಾಸ್:
ಡಬ್ಬಿಯಲ್ಲಿ ಮೇಣ ಕಡಿಮೆ ಇದ್ದರೆ, ಸುತ್ತ ನೀರು ಜಾಸ್ತಿ ಇದ್ದರೆ ತೇಲುತ್ತದೆ, ನಿಜ. ನೀರನ್ನು ಡಬ್ಬಿಯ ಅರ್ಧದಷ್ಟೇ ಇಡಬೇಕು. ಮೇಣಕ್ಕೆ ಹನಿ ನೀರು ಬಿದ್ದರೆ ತಳಕ್ಕೆ ಇಳಿದು ಕೂರುತ್ತದೆ. 97ರಲ್ಲಿ ಅಪಾಯವೇನಿಲ್ಲ, ಆದರೆ ಚೈನ್ ಆ ನೀರಿನಲ್ಲಿ ಮಲಗಿದರೆ ತುಕ್ಕಿಗೆ ದಾರಿ.

ನಂದಿ ಬೆಳಗ್ಗೆ:
ಯಾಕೆ ಇಷ್ಟು ಸರ್ಕಸ್? ಹಳೆ ರೈಸ್ ಕುಕ್ಕರ್ ತೆಗೆದುಕೊಳ್ಳಿ. ಅದರ ತಳದಲ್ಲಿ ಒಂದು ಅಯಸ್ಕಾಂತದ ಸ್ವಿಚ್ ಇರುತ್ತದೆ. ಅನ್ನದ ನೀರು ಹೀರಿ ಮುಗಿದು ತಳದ ಬಿಸಿ 100 ದಾಟಿ ಸ್ವಲ್ಪ ಮೇಲೆ ಹೋದ ಕೂಡಲೇ ಅಯಸ್ಕಾಂತ ಹಿಡಿತ ಬಿಡುತ್ತದೆ, ಟಕ್ ಅಂತ ಕೆಳಗಿನ ದೀಪಕ್ಕೆ ಹೋಗುತ್ತದೆ. ಮೇಣ ಹಾಕಿದರೂ ಅದೇ ಕೆಲಸ. ಆಮೇಲೆ ವಾರ್ಮ್‌ನಲ್ಲಿ ಸಾಮಾನ್ಯವಾಗಿ 65–75ರ ನಡುವೆ ನಿಲ್ಲುತ್ತದೆ, ಅದು ನಮ್ಮ ಮೇಣಕ್ಕೆ ಹೇಳಿ ಮಾಡಿಸಿದ ಬಿಸಿ. ಬೆಂಕಿ ಇಲ್ಲ, ನೀರು ಇಲ್ಲ. ಬಾಲ್ಕನಿಯಲ್ಲಿ ಇಟ್ಟು ಪ್ಲಗ್ ಹಾಕಿದರೆ ಆಯಿತು. ಬಾಯಿ ಅಗಲ ಇರುವುದರಿಂದ ಚೈನನ್ನು ಸುರುಳಿ ಸುತ್ತಿ ಮಲಗಿಸಬಹುದು, ಎರಡು ಮೂರು ಚೈನ್ ಒಟ್ಟಿಗೆ ಹಿಡಿಯುತ್ತದೆ. ನಂದಿ ಬೆಟ್ಟಕ್ಕೆ ಹೋಗುವ ನಮ್ಮ ಗುಂಪಿನ ಚೈನ್‌ಗಳೆಲ್ಲ ಒಂದೇ ರೈಸ್ ಕುಕ್ಕರಿನಲ್ಲಿ ಮೀಯುತ್ತವೆ.

ರಾಜಾಜಿನಗರ ಫಿಟ್ಟರ್:
ರೈಸ್ ಕುಕ್ಕರ್ ಒಳ್ಳೆಯ ಸಲಹೆ, ನಾನು ಬೇಡ ಅನ್ನುವುದಿಲ್ಲ. ಎರಡು ವಿಷಯ ಮಾತ್ರ ನೋಡಿಕೊಳ್ಳಿ. ಸ್ವಿಚ್ ತಳದ ಬಿಸಿಯನ್ನು ಅಳೆಯುತ್ತದೆ, ಮೇಣದ ಬಿಸಿಯನ್ನಲ್ಲ. ಗಟ್ಟಿ ಮೇಣ ಇರುವಾಗ ತಳ ಬೇಗ ಕಾದು ಸ್ವಿಚ್ ಹಾರಿ, ಮೇಲಿನ ಮೇಣ ಇನ್ನೂ ಕರಗಿರುವುದಿಲ್ಲ. ಆಗ ಜನ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತುತ್ತಾರೆ, ಕೆಲವರು ಕಡ್ಡಿ ಸಿಕ್ಕಿಸಿ ಹಿಡಿದಿಡುತ್ತಾರೆ. ಅಲ್ಲಿಗೆ ಆ ಗೆರೆ ಹೋಯಿತು. ಹಾರಿದರೆ ಹಾರಲಿ, ವಾರ್ಮ್‌ನಲ್ಲೇ ಬಿಟ್ಟು ಕಾಯಬೇಕು.

ಇನ್ನೊಂದು, ಗಟ್ಟಿ ಮೇಣವನ್ನು ತಳದಿಂದ ಮಾತ್ರ ಕಾಯಿಸುವಾಗ ಆಗುವ ತೊಂದರೆ. ಇದು ಗ್ಯಾಸ್ ಮೇಲಿನ ಡಬರಿಗೂ ಅನ್ವಯಿಸುತ್ತದೆ, ಅಲ್ಲಿ ಇನ್ನೂ ಜೋರು. ಕೆಳಗಿನ ಪದರ ಕರಗಿ ಹಿಗ್ಗುತ್ತದೆ, ಮೇಲೆ ಗಟ್ಟಿ ಮೇಣ ಮುಚ್ಚಳದ ಹಾಗೆ ಕೂತಿರುತ್ತದೆ. ಹಿಗ್ಗಿದ ಮೇಣಕ್ಕೆ ಹೋಗಲು ಜಾಗ ಇಲ್ಲ, ಎಲ್ಲೋ ಒಂದು ಕಡೆ ಸೀಳಿಕೊಂಡು ಮುಖಕ್ಕೆ ಚಿಮ್ಮುತ್ತದೆ. ಅದಕ್ಕೆ ಕಳೆದ ಸಲದ ಮೇಣ ಗಟ್ಟಿಯಾಗುವ ಮೊದಲೇ ಮಧ್ಯದಲ್ಲಿ ಒಂದು ಹಳೆ ಸ್ಪೋಕ್ ನಿಲ್ಲಿಸಿಡಿ. ಮುಂದಿನ ಸಲ ಮೊದಲು ಸ್ಪೋಕ್ ಎಳೆದು ತೆಗೆದರೆ ತಳದ ತನಕ ದಾರಿ ಇರುತ್ತದೆ. ಅಥವಾ ಮೇಣದ ಗಡ್ಡೆಯನ್ನೇ ಹೊರಗೆ ತೆಗೆದು ಒಡೆದು ಹಾಕಿ.

ಮೇಣದ ಮನೆ:
ನಾನು ಸೈಕಲ್ ಓಡಿಸುವವಳಲ್ಲ. ಜೇನುಮೇಣದಲ್ಲಿ ತುಟಿಗೆ ಹಚ್ಚುವ ಬಾಮ್, ಮರದ ಪಾಲಿಶ್ ಮಾಡುತ್ತೇನೆ, ಪಾತ್ರೆಯ ತಲೆನೋವು ಒಂದೇ ಆದ್ದರಿಂದ ಬರೆಯುತ್ತಿದ್ದೇನೆ. ಇಷ್ಟು ಮಾತಾಡಿದರೂ ಯಾರೂ ಹಾಲಿನ ಕುಕ್ಕರ್ ಹೆಸರು ಎತ್ತಲಿಲ್ಲವಲ್ಲ! ನಮ್ಮ ಮನೆಗಳಲ್ಲಿ ಅಟ್ಟದ ಮೇಲೆ ಒಂದಾದರೂ ಸಿಗುತ್ತದೆ. ಎರಡು ಗೋಡೆಯ ಪಾತ್ರೆ, ನಡುವೆ ನೀರು ತುಂಬುವ ಜಾಗ, ಪಕ್ಕದಲ್ಲಿ ಒಂದು ಮೂತಿ, ಮೂತಿಗೆ ವಿಶಲ್. ಹಾಲು ತಳ ಹಿಡಿಯಬಾರದು, ಉಕ್ಕಬಾರದು ಅಂತಲೇ ಮಾಡಿದ್ದು. ಮೇಣಕ್ಕೆ ಇದಕ್ಕಿಂತ ಒಳ್ಳೆಯ ಪಾತ್ರೆ ನಾನು ನೋಡಿಲ್ಲ.

ನೋಡಿ, ನೀರು ತಳದಲ್ಲಿ ಮಾತ್ರ ಅಲ್ಲ, ಸುತ್ತಲೂ ಇರುತ್ತದೆ. ಫಿಟ್ಟರ್ ಸರ್ ಹೇಳಿದ ಚಿಮ್ಮುವ ತೊಂದರೆ ಇಲ್ಲಿ ಕಡಿಮೆ, ಏಕೆಂದರೆ ಗೋಡೆಯ ಬದಿಯ ಮೇಣವೂ ಜೊತೆಯಲ್ಲೇ ಕರಗಿ ಗಡ್ಡೆ ಸಡಿಲವಾಗುತ್ತದೆ. ಬಿಸಿ ನೂರರ ಆಸುಪಾಸಿಗಿಂತ ಮೇಲೆ ಹೋಗುವುದಿಲ್ಲ. ಡಬ್ಬಿ ತೇಲುವುದು, ವಾಲುವುದು ಇಲ್ಲ, ಎಲ್ಲ ಒಂದೇ ಪಾತ್ರೆ. ಗಟ್ಟಿ ಹಿಡಿ ಇದೆ. ವಿಶಲ್ ಕೂಗಿದರೆ ನೀರು ಕುದಿಯುತ್ತಿದೆ ಅಂತ ಅರ್ಥ, ಉರಿ ಸಣ್ಣ ಮಾಡಿ.

ಒಂದು ವಿಷಯ ಮಾತ್ರ ಮರೆಯಲೇಬಾರದು. ಒಳಗಿನ ನೀರು ಮುಗಿದರೆ ಇದು ಮಾಮೂಲಿ ಪಾತ್ರೆಯೇ. ಕೂಗುತ್ತಿದ್ದ ವಿಶಲ್ ಉರಿ ಇರುವಾಗಲೇ ನಿಂತುಹೋದರೆ ತಕ್ಷಣ ಗ್ಯಾಸ್ ಆಫ್ ಮಾಡಬೇಕು. ಪ್ರತಿ ಸಲ ಒಲೆ ಹಚ್ಚುವ ಮೊದಲು ನೀರು ತುಂಬಿಸಿ, ಕೆಲಸ ಮುಗಿದ ಮೇಲೆ ಬಗ್ಗಿಸಿ ಚೆಲ್ಲಿ. ಕಾವೇರಿ ನೀರು ಹಾಕಿ, ಬೋರ್‌ವೆಲ್ ನೀರು ಬೇಡ. ಬೋರ್‌ನ ಗಡಸು ನೀರು ಒಳಗೋಡೆಗೆ ಬಿಳಿ ಪದರ ಕಟ್ಟುತ್ತದೆ, ಅಲ್ಲಿಗೆ ಕೈ ಹಾಕಿ ತಿಕ್ಕಲು ಆಗುವುದಿಲ್ಲ.

ತುರಹಳ್ಳಿ ಧೂಳು:
ಮೇಡಂ, ನಿಮಗೆ ತುಂಬಾ ಥ್ಯಾಂಕ್ಸ್. ಅಮ್ಮನ ಹತ್ತಿರ ಹಾಲಿನ ಕುಕ್ಕರ್ ಇದೆ, ಆದರೆ ಅದು ಈಗಲೂ ದಿನಾ ಬಳಕೆಯಲ್ಲಿದೆ. ಮೇಣ ಮಾಡಿದ ಮೇಲೆ ತೊಳೆದು ಮತ್ತೆ ಹಾಲಿಗೆ ಬಳಸಬಹುದಾ? ಎಷ್ಟು ಲೀಟರಿನದು ಬೇಕು?

ಮೇಣದ ಮನೆ:
ಖಂಡಿತ ಬೇಡಪ್ಪ. ಅಮ್ಮನದನ್ನು ಮುಟ್ಟಬೇಡಿ. ನನ್ನದು ಶುದ್ಧ ಜೇನುಮೇಣ, ಆದರೂ ನನ್ನ ಪಾತ್ರೆ ಅಡುಗೆಮನೆಗೆ ವಾಪಸ್ ಹೋಗುವುದಿಲ್ಲ. ನಿಮ್ಮದರಲ್ಲಿ ಚೈನಿನ ಗ್ರೀಸು, ಲೋಹದ ಪುಡಿ, ರಸ್ತೆಯ ಧೂಳು ಎಲ್ಲ ಇಳಿಯುತ್ತದೆ. ಬೇರೆ ಪಾತ್ರೆ, ಬೇರೆ ಇಕ್ಕಳ, ಬೇರೆ ಮಸಿಬಟ್ಟೆ. ಹೊರಗೆ ಪೇಂಟಿನಲ್ಲಿ "ಚೈನ್" ಅಂತ ದೊಡ್ಡದಾಗಿ ಬರೆಯಿರಿ. ಮನೆಗೆ ಬಂದವರು ಯಾರೋ ಕಾಫಿಗೆ ಹಾಲು ಇಡಲು ಅದನ್ನೇ ತೆಗೆದುಕೊಂಡುಬಿಡುತ್ತಾರೆ.

ರಾಜಾಜಿನಗರ ಫಿಟ್ಟರ್:
ಅಳತೆ ನಾನು ಹೇಳುತ್ತೇನೆ. ಕರಗಿದ ಪ್ಯಾರಾಫಿನ್ ನೀರಿಗಿಂತ ಹಗುರ, ಅರ್ಧ ಕೆಜಿ ಮೇಣ ಕರಗಿದರೆ ಸುಮಾರು 640 ಮಿಲಿಲೀಟರ್ ಆಗುತ್ತದೆ. 11 ಸ್ಪೀಡಿನ ಚೈನ್ ತೂಕ ಸುಮಾರು 250 ಗ್ರಾಂ, ಆದರೆ ಉಕ್ಕು ಆದ್ದರಿಂದ ಅದು ಹಿಡಿಯುವ ಜಾಗ 30 ಮಿಲಿಲೀಟರ್ ಚಿಲ್ಲರೆ ಅಷ್ಟೇ. ಒಂದು ಲೀಟರಿನ ಪಾತ್ರೆಯಲ್ಲಿ ಅರ್ಧ ಕೆಜಿ ಮೇಣ ಹಾಕಿದರೆ ಮೇಲೆ ಮೂರರಲ್ಲಿ ಒಂದು ಭಾಗ ಖಾಲಿ ಉಳಿಯುತ್ತದೆ. ಆ ಖಾಲಿ ಬೇಕೇ ಬೇಕು, ಚೈನನ್ನು ಅಲ್ಲಾಡಿಸುವಾಗ ತುಳುಕುತ್ತದೆ. ಒಂದೂವರೆ ಲೀಟರ್ ಸಿಕ್ಕರೆ ಇನ್ನೂ ನೆಮ್ಮದಿ.

ಆಕಾರವೂ ಮುಖ್ಯ. ಬಾಯಿ ತಳಕ್ಕಿಂತ ಸ್ವಲ್ಪವಾದರೂ ಅಗಲ ಇರಬೇಕು, ಕಡೇ ಪಕ್ಷ ನೇರ ಗೋಡೆ ಇರಬೇಕು. ಕುತ್ತಿಗೆ ಕಿರಿದಾದ ಚೊಂಬು, ತಂಬಿಗೆ ಥರದ್ದು ಬೇಡ. ಪ್ಯಾರಾಫಿನ್ ತಣ್ಣಗಾಗುವಾಗ ಕುಗ್ಗಿ ಗೋಡೆಯಿಂದ ತಾನೇ ಬಿಡಿಸಿಕೊಳ್ಳುತ್ತದೆ, ಬೋರಲು ಹಾಕಿ ತಟ್ಟಿದರೆ ಗಡ್ಡೆ ಹೊರಗೆ ಬರುತ್ತದೆ. ಕೊಳೆಯೆಲ್ಲ ತಳದ ಪದರದಲ್ಲಿ ಕಪ್ಪಗೆ ಕೂತಿರುತ್ತದೆ, ಚಾಕುವಿನಿಂದ ಅಷ್ಟನ್ನು ಕೆರೆದು ಎಸೆದರೆ ಉಳಿದ ಮೇಣ ಮತ್ತೆ ಬಳಕೆಗೆ ಬರುತ್ತದೆ. ಕುತ್ತಿಗೆ ಕಿರಿದಾದರೆ ಆ ಕೊಳೆ ಒಳಗೇ ಉಳಿದು ಚೈನ್‌ಗೇ ವಾಪಸ್ ಹತ್ತುತ್ತದೆ.

ಕನಕಪುರ ರೋಡ್:
ಸರಿ, ಹಾಲಿನ ಕುಕ್ಕರ್ ಮಾತು ನನಗೂ ಹಿಡಿಸಿತು. ಲೋಹದ ಬಗ್ಗೆ ಹೇಳಿ. ಅಲ್ಯೂಮಿನಿಯಂ ಕೆಟ್ಟದ್ದಾ?

ರಾಜಾಜಿನಗರ ಫಿಟ್ಟರ್:
ಕೆಟ್ಟದ್ದಲ್ಲ. ಬರೀ ಪ್ಯಾರಾಫಿನ್‌ಗೆ ಅಲ್ಯೂಮಿನಿಯಂ ಬಹಳ ಒಳ್ಳೆಯದು. ಸ್ಟೀಲಿಗೆ ಹೋಲಿಸಿದರೆ ಅದು ಹತ್ತು ಪಟ್ಟಿಗಿಂತ ಜಾಸ್ತಿ ಚೆನ್ನಾಗಿ ಬಿಸಿಯನ್ನು ಹರಡುತ್ತದೆ. ತೆಳು ಸ್ಟೀಲ್ ಪಾತ್ರೆಯನ್ನು ನೇರ ಉರಿ ಮೇಲೆ ಇಟ್ಟರೆ ಜ್ವಾಲೆ ತಾಗುವ ಜಾಗ ಮಾತ್ರ ವಿಪರೀತ ಕಾಯುತ್ತದೆ, ಪಕ್ಕದಲ್ಲಿ ಮೇಣ ಇನ್ನೂ ಗಟ್ಟಿ ಇರುತ್ತದೆ. ನೀರಿನಲ್ಲಿ ಇಟ್ಟರೆ ಈ ವ್ಯತ್ಯಾಸವೇ ಹೋಗುತ್ತದೆ, ಯಾವ ಲೋಹವಾದರೂ ನಡೆಯುತ್ತದೆ. ಇಂಡಕ್ಷನ್ ಮೇಲೆ ಮಾತ್ರ ಅಲ್ಯೂಮಿನಿಯಂ ಕಾಯುವುದಿಲ್ಲ, ತಳಕ್ಕೆ ಅಯಸ್ಕಾಂತ ಅಂಟುತ್ತದಾ ಅಂತ ಅಂಗಡಿಯಲ್ಲೇ ನೋಡಿ ತನ್ನಿ. ನಾನ್‌ಸ್ಟಿಕ್ ಬಾಣಲೆ ಬೇಡವೇ ಬೇಡ. ಚೈನ್ ಉಜ್ಜಿ ಆ ಪದರ ಏಳುತ್ತದೆ, ಸಡಿಲ ಹಿಡಿ ಇರುವ ಪಾತ್ರೆಯಲ್ಲಿ ಬಿಸಿ ಮೇಣ ಎತ್ತುವುದಂತೂ ಊಹಿಸಲೂ ಬಾರದು.

ಮೇಣದ ಮನೆ:
ಜೇನುಮೇಣ ಬೆರೆಸುವವರಿಗೆ ಒಂದು ಮಾತು. ತಾಮ್ರ, ಹಿತ್ತಾಳೆ, ಕಬ್ಬಿಣದ ಪಾತ್ರೆ ಬೇಡ. ಜೇನುಮೇಣದಲ್ಲಿ ಸ್ವಲ್ಪ ಆಮ್ಲದ ಅಂಶ ಇರುತ್ತದೆ, ಅದು ಈ ಲೋಹಗಳ ಜೊತೆ ಸೇರಿ ಬಣ್ಣ ಕೆಡುತ್ತದೆ. ಸ್ಟೀಲ್ ಒಳ್ಳೆಯದು. ಅದು ಕರಗುವುದು 62–64 ಡಿಗ್ರಿಯಲ್ಲಿ, 85 ದಾಟಿದರೆ ಕಪ್ಪಾಗಲು ಶುರು. ಚೈನ್‌ಗೆ ಬಣ್ಣ ಮುಖ್ಯವಲ್ಲ, ಆದರೆ ಜೇನುಮೇಣ ಅಂಟು, ನಿಮ್ಮ ಧೂಳಿಗೆ ಪ್ಯಾರಾಫಿನ್ನೇ ಸರಿ ಅನ್ನಿಸುತ್ತದೆ.

ನಂದಿ ಬೆಳಗ್ಗೆ:
ಬ್ಯೂಟಿ ಪಾರ್ಲರ್‌ನವರ ವ್ಯಾಕ್ಸ್ ಹೀಟರ್ ಬಗ್ಗೆ ಯಾರಾದರೂ ಹೇಳಿ. ನನ್ನ ತಂಗಿ ಅದನ್ನೇ ಬಳಸು ಅಂತಾಳೆ. ಬಿಸಿ ತಿರುಗಿಸುವ ಗುಂಡಿ ಇರುತ್ತದೆ, ಒಳಗೆ ತೆಗೆಯುವ ಅಲ್ಯೂಮಿನಿಯಂ ಬಟ್ಟಲು ಇರುತ್ತದೆ.

ಎಂಟನೇ ಕ್ರಾಸ್:
ಒಂದೇ ಚೈನ್ ಇರುವವರಿಗೆ ಚೆನ್ನಾಗಿದೆ. ಆದರೆ ಸಾಮಾನ್ಯವಾಗಿ ಸಿಗುವುದು ಅರ್ಧ ಲೀಟರಿನ ಬಟ್ಟಲು. ಫಿಟ್ಟರ್ ಸರ್ ಲೆಕ್ಕದಲ್ಲಿ ಅದಕ್ಕೆ ಕಾಲು ಕೆಜಿ ಮೇಣ ಹಾಕಿದರೆ ಹೆಚ್ಚು. ಚೈನನ್ನು ಬಿಗಿಯಾಗಿ ಸುತ್ತಿ ಅದುಮಿ ಮುಳುಗಿಸಬೇಕು. ಗುಂಡಿಯ ಮೇಲಿನ ಅಂಕಿ ನಂಬಬೇಡಿ, ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ ಮೇಣದೊಳಗೆ ಅದ್ದಿ ನೋಡಿ. ಗನ್ ಥರದ ಥರ್ಮಾಮೀಟರ್ ಇದ್ದರೆ ಮೇಣದ ಮೇಲ್ಮೈಗೆ ಹಿಡಿಯಿರಿ. ಹೊಳೆಯುವ ಸ್ಟೀಲಿಗೆ ಹಿಡಿದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಕನಕಪುರ ರೋಡ್:
ಎಲೆಕ್ಟ್ರಿಕ್ ಕೆಟಲ್? ಅದು ತಾನೇ ಆಫ್ ಆಗುತ್ತದಲ್ಲ.

ರಾಜಾಜಿನಗರ ಫಿಟ್ಟರ್:
ದಯವಿಟ್ಟು ಬೇಡ. ಕೆಟಲ್ ಆಫ್ ಆಗುವುದು ನೀರಿನ ಹಬೆ ಹೋಗಿ ಅದರ ಸ್ವಿಚ್ಚಿಗೆ ತಾಗಿದಾಗ. ಮೇಣಕ್ಕೆ ಹಬೆ ಎಲ್ಲಿಂದ ಬರಬೇಕು? ಕಾಯುತ್ತಲೇ ಹೋಗುತ್ತದೆ. ಈ ಚರ್ಚೆಯಲ್ಲಿ ಬಂದ ಆಯ್ಕೆಗಳಲ್ಲಿ ಅತ್ಯಂತ ಅಪಾಯದ್ದು ಇದೇ.

ಬೆಂಕಿಯ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಯಾವ ಪಾತ್ರೆ ತಂದರೂ ಅದರ ಬಾಯಿಗೆ ಸರಿಯಾಗಿ ಕೂರುವ ಲೋಹದ ತಟ್ಟೆ ಒಂದನ್ನು ಜೊತೆಗೇ ತನ್ನಿ, ಕೈಗೆ ಸಿಗುವ ಹಾಗೆ ಇಡಿ. ಮೇಣ ಹೊತ್ತಿಕೊಂಡರೆ ಗ್ಯಾಸ್ ಆಫ್, ಪಕ್ಕದಿಂದ ತಟ್ಟೆ ಸರಿಸಿ ಮುಚ್ಚಬೇಕು, ಪೂರ್ತಿ ತಣ್ಣಗಾಗುವ ತನಕ ತೆಗೆಯಬಾರದು. ನೀರು ಮಾತ್ರ ಹಾಕಲೇಬಾರದು. ನೀರು ಮೇಣಕ್ಕಿಂತ ಭಾರ, ಉರಿಯುವ ಮೇಣದ ಕೆಳಗೆ ಇಳಿದು ಒಂದೇ ಕ್ಷಣದಲ್ಲಿ ಹಬೆಯಾಗಿ ಸಾವಿರಾರು ಪಟ್ಟು ಹಿಗ್ಗುತ್ತದೆ, ಉರಿಯುವ ಮೇಣವನ್ನು ಸೀಲಿಂಗ್ ತನಕ ಎಸೆಯುತ್ತದೆ. ಉರಿಯುವ ಪಾತ್ರೆಯನ್ನು ಎತ್ತಿಕೊಂಡು ಹೊರಗೆ ಓಡಲೂ ಬಾರದು. ಇದನ್ನು ಮನೆಯಲ್ಲಿ ಇರುವ ಎಲ್ಲರಿಗೂ ಹೇಳಿಡಿ, ನೀವೊಬ್ಬರೇ ತಿಳಿದುಕೊಂಡರೆ ಸಾಲದು.

ಎಂಟನೇ ಕ್ರಾಸ್:
ಚೈನ್ ತೊಳೆಯುವ ವಿಷಯವೂ ಇದಕ್ಕೇ ಸೇರಿದ್ದು. ಹೊಸ ಚೈನಿನ ಫ್ಯಾಕ್ಟರಿ ಗ್ರೀಸ್ ಪೂರ್ತಿ ಹೋಗದಿದ್ದರೆ ಮೇಣ ಹಿಡಿಯುವುದಿಲ್ಲ. ಪೇಂಟ್ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನ್‌ನಲ್ಲಿ ನೆನೆಸಿ ಕುಲುಕಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಇವೆರಡೂ ಬೇಗ ಹೊತ್ತಿಕೊಳ್ಳುವಂಥವು. ಚೈನಿನಲ್ಲಿ ಅದರ ವಾಸನೆ ಇರುವ ತನಕ ಬಿಸಿ ಮೇಣದ ಹತ್ತಿರ ತರಬೇಡಿ. ತೊಳೆಯುವ ಕೆಲಸ ಇವತ್ತು ಬಾಲ್ಕನಿಯಲ್ಲಿ, ಮೇಣದ ಕೆಲಸ ನಾಳೆ, ಹೀಗೆ ಇಟ್ಟುಕೊಂಡರೆ ತಲೆಬಿಸಿ ಇಲ್ಲ.

ತುರಹಳ್ಳಿ ಧೂಳು:
ಚಿಕ್ಕಪೇಟೆ ಕಡೆ ಹೋಗಿ ಪಾತ್ರೆ ಅಂಗಡಿಯಲ್ಲಿ ಒಂದೂವರೆ ಲೀಟರಿನ ಸ್ಟೀಲ್ ಹಾಲಿನ ಕುಕ್ಕರ್ ತಂದೆ. ತಳಕ್ಕೆ ಅಯಸ್ಕಾಂತ ಅಂಟಿತು, ಹಾಗಾಗಿ ಗ್ಯಾಸ್ ಬಿಟ್ಟು ಇಂಡಕ್ಷನ್ನಿನಲ್ಲೇ ಮಾಡಿದೆ. ಮಗು ಮಲಗಿದ ಮೇಲೆ, ಅಡುಗೆಮನೆ ಬಾಗಿಲು ಹಾಕಿಕೊಂಡು. ಅರ್ಧ ಕೆಜಿ ಮೇಣ ಹಾಕಿದ್ದು ಚೆನ್ನಾಗಿ ಕರಗಿತು, ಕಡ್ಡಿ ಥರ್ಮಾಮೀಟರ್ 90ರ ಸುತ್ತಲೇ ನಿಂತಿತು, ವಿಶಲ್ ಕೂಗುತ್ತಿದ್ದರೂ ಮೇಲೆ ಹೋಗಲಿಲ್ಲ. ಬಗ್ಗಿಸಿದ ಸ್ಪೋಕಿಗೆ ಚೈನ್ ಪೋಣಿಸಿ ಇಳಿಸಿದಾಗ ರೋಲರ್‌ಗಳಿಂದ ಸಣ್ಣ ಗುಳ್ಳೆಗಳು ಬಹಳ ಹೊತ್ತು ಬಂದವು. ಇದು ಒಳಗಿನ ಗಾಳಿಯೇ ಅಲ್ವಾ, ನೀರಲ್ಲ ತಾನೇ? ಇನ್ನೊಂದು, ಮೇಲಕ್ಕೆ ತೆಗೆದಾಗ ಮೇಣ ಬಹುಪಾಲು ಸೋರಿಹೋಯಿತು, ತೆಳುವಾಗಿ ಉಳಿದಿದೆ.

ನಂದಿ ಬೆಳಗ್ಗೆ:
ಗಾಳಿಯೇ. ಗುಳ್ಳೆ ನಿಲ್ಲುವ ತನಕ ಬಿಡಬೇಕು, ಚೈನ್ ಕೂಡ ಮೇಣದಷ್ಟೇ ಬಿಸಿಯಾಗಬೇಕು, ಆಗಲೇ ಪಿನ್ನಿನ ತನಕ ಇಳಿಯುತ್ತದೆ. ತೆಗೆಯುವ ಮೊದಲು ಇಂಡಕ್ಷನ್ ಆಫ್ ಮಾಡಿ ಮೇಣ 65–70ಕ್ಕೆ ಇಳಿಯಲು ಬಿಡಿ. ಗಟ್ಟಿಯಾಗಲು ಹತ್ತಿರ ಇದ್ದಾಗ ತೆಗೆದರೆ ಜಾಸ್ತಿ ಉಳಿಯುತ್ತದೆ. ನೇತುಹಾಕಿ ತಣ್ಣಗಾದ ಮೇಲೆ ಚೈನ್ ಕಡ್ಡಿಯಂತೆ ಸೆಟೆದಿರುತ್ತದೆ, ಒಂದು ಪೈಪಿನ ಮೇಲೆ ಎಳೆದಾಡಿ ಒಂದೊಂದು ಲಿಂಕನ್ನೂ ಬಿಡಿಸಿ ಹಾಕಿ. ಸುಮಾರು 300 ಕಿಲೋಮೀಟರಿಗೆ ಒಂದು ಸಲ ಮತ್ತೆ ಅದ್ದಬೇಕು. ಮಳೆಯಲ್ಲಿ ನೆಂದರೆ ಕಿಲೋಮೀಟರ್ ಲೆಕ್ಕ ನೋಡಬೇಡಿ, ಮನೆಗೆ ಬಂದ ದಿನವೇ ಒರೆಸಿ ಒಣಗಿಸಿ.

ತುರಹಳ್ಳಿ ಧೂಳು:
ಪಾತ್ರೆಯ ಹೊರಗೆ ಸೋರಿದ ಮೇಣ ತೊಳೆಯುವುದು ಹೇಗೆ? ಸಿಂಕಿನಲ್ಲಿ ಬಿಸಿನೀರು ಬಿಟ್ಟರೆ ಹೋಗುತ್ತದಾ?

ಮೇಣದ ಮನೆ:
ಸಿಂಕಿಗೆ ಒಂದು ಹನಿಯೂ ಬೇಡ. ಬಿಸಿಯಲ್ಲಿ ಇಳಿದದ್ದು ಕೆಳಗಿನ ಪೈಪಿನಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತದೆ, ಬಾಡಿಗೆ ಮನೆ ಬೇರೆ. ಪಾತ್ರೆ ಬೆಚ್ಚಗಿರುವಾಗಲೇ ಹಳೆ ನ್ಯೂಸ್‌ಪೇಪರಿನಿಂದ ಒರೆಸಿ ಕಸಕ್ಕೆ ಹಾಕಿ. ಇಂಡಕ್ಷನ್ ಗಾಜಿನ ಮೇಲೆ ಬಿದ್ದದ್ದನ್ನು ತಣ್ಣಗಾದ ಮೇಲೆ ಹಳೆ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದರೆ ಎದ್ದು ಬರುತ್ತದೆ. ಒಳಗಿನದನ್ನು ತೊಳೆಯುವ ಅಗತ್ಯವೇ ಇಲ್ಲ, ಮುಚ್ಚಳ ಮುಚ್ಚಿ ಹಾಗೇ ಇಡಿ. ನಡುವಿನ ಗೋಡೆಯ ನೀರನ್ನು ಮಾತ್ರ ಇವತ್ತೇ ಚೆಲ್ಲಿ, ವಿಶಲ್ ಬಿಚ್ಚಿಟ್ಟು ಒಣಗಲು ಬಿಡಿ.

ಕನಕಪುರ ರೋಡ್:
ನಾನೂ ಡಬರಿ ಬಿಟ್ಟೆ. ಅತ್ತೆ ಮನೆಯ ಅಟ್ಟದಲ್ಲಿ ಅಲ್ಯೂಮಿನಿಯಂ ಹಾಲಿನ ಕುಕ್ಕರ್ ಸಿಕ್ಕಿತು, ಆದರೆ ವಿಶಲ್ ಕಳೆದುಹೋಗಿದೆ. ಮೂತಿ ತೆರೆದೇ ಇಟ್ಟು ಬಳಸಬಹುದಾ?

ರಾಜಾಜಿನಗರ ಫಿಟ್ಟರ್:
ಬಳಸಬಹುದು, ಹಬೆ ಸುಮ್ನೆ ಹೊರಗೆ ಹೋಗುತ್ತದೆ, ಮೂತಿಯನ್ನು ನಿಮ್ಮ ಕಡೆ ತಿರುಗಿಸಿ ಇಡಬೇಡಿ. ಆದರೆ ನೀರು ಬೇಗ ಮುಗಿಯುತ್ತದೆ, ಮುಗಿದದ್ದು ಕಿವಿಗೆ ಗೊತ್ತಾಗುವುದಿಲ್ಲ. ಬಟ್ಟೆ, ಬಿರಡೆ ಏನನ್ನೂ ತುರುಕಿ ಮೂತಿ ಮುಚ್ಚಬೇಡಿ, ಹಬೆಗೆ ದಾರಿ ಇಲ್ಲದಿದ್ದರೆ ಗೋಡೆಯೇ ಬಿರಿಯುತ್ತದೆ. ಪಾತ್ರೆ ರಿಪೇರಿ ಅಂಗಡಿಗಳಲ್ಲಿ ಕುಕ್ಕರ್ ಗ್ಯಾಸ್ಕೆಟ್ ಪಕ್ಕದಲ್ಲೇ ಈ ವಿಶಲ್ ಬಿಡಿಯಾಗಿ ಸಿಗುತ್ತದೆ, ಮೂತಿಯ ಅಳತೆಗೆ ಪಾತ್ರೆಯನ್ನೇ ತೆಗೆದುಕೊಂಡು ಹೋಗಿ.